ಕಡಲನ್ನು ಓದುವ ಮೂರು ಅಂಕಿಗಳು



ಮುಂಗಾರಿನ ದಿನಗಳಲ್ಲಿ ಬೆಳಗಿನ ಪತ್ರಿಕೆ ಕೈಗೆ ಬಂದೊಡನೆ ನಮ್ಮ ಸೀಮೆಯವರು ಮೊದಲು ಹುಡುಕುವುದು ಏನನ್ನು? ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನಲ್ಲವೇ? ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು ಕ್ಯೂಸೆಕ್. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಈ ಅಂಕಿಗಳ ಅರ್ಥ ಬಲ್ಲಳು. ನಾಲೆಗೆ ನೀರು ಬಿಡುತ್ತಾರೆಯೇ, ಭತ್ತದ ಒಟ್ಲು ಹಾಕಬಹುದೇ, ಹೊಳೆಯ ಕಡೆ ದನ ಹೊಡೆದುಕೊಂಡು ಹೋಗಬಹುದೇ ಎಂಬ ಪ್ರಶ್ನೆಗಳಿಗೆಲ್ಲ ಆ ಒಂದು ಸಾಲಿನಲ್ಲಿ ಉತ್ತರವಿರುತ್ತದೆ.

ಇದರ ಜೊತೆಗೆ ಇನ್ನೊಂದು ತಿಳಿವಳಿಕೆಯೂ ನಮಗೆ ರಕ್ತಗತವಾಗಿದೆ. ನಾಗಮಂಗಲದ ಕಡೆಯ ರೈತ ತನ್ನೂರಿನ ಕೆರೆ ತುಂಬುವುದೇ ಎಂದು ತಿಳಿಯಲು ತನ್ನ ನೆತ್ತಿಯ ಮೇಲಿನ ಮುಗಿಲನ್ನು ನೋಡುತ್ತಾನೆ. ಆದರೆ ಶ್ರೀರಂಗಪಟ್ಟಣದ ಹೊಳೆದಂಡೆಯವನು ಹಾಗೆ ಮಾಡುವುದಿಲ್ಲ. ಊರಿನಲ್ಲಿ ಒಳ್ಳೆಯ ಬಿಸಿಲು ಕಾಯುತ್ತಿದ್ದರೂ ಕೊಡಗಿನಲ್ಲಿ ಬಿದ್ದ ಮಳೆ ಕಟ್ಟೆಯನ್ನು ತುಂಬಿಸಿ ಹೊರಬಿದ್ದರೆ ಕಾವೇರಿ ಕೆಂಪಾಗಿ ಉಕ್ಕುತ್ತಾಳೆ, ರಂಗನತಿಟ್ಟಿನ ದೋಣಿವಿಹಾರ ನಿಲ್ಲುತ್ತದೆ. ತನ್ನ ಮುಂದಿರುವ ನೀರು ಬೇರೊಂದು ಊರಿನ ಆಕಾಶದಿಂದ ಬಂದದ್ದು ಎಂಬುದನ್ನು ಅವನಿಗೆ ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ.

ಇಷ್ಟು ಬಲ್ಲ ನಾವು ಕಡಲತೀರಕ್ಕೆ ಹೋದಾಗ ಮಾತ್ರ ಎಲ್ಲವನ್ನೂ ಮರೆತುಬಿಡುತ್ತೇವೆ. ಬೇಸಿಗೆ ರಜೆಗೆ ಮಲ್ಪೆ, ಮುರುಡೇಶ್ವರ, ಹರಕೆ ಹೊತ್ತರೆ ವೇಳಾಂಕಣಿ. ಬಸ್ಸಿನಿಂದ ಇಳಿದವರೇ ಆಕಾಶ ನೋಡುತ್ತೇವೆ. ಮೋಡವಿಲ್ಲ, ಗಾಳಿಯಿಲ್ಲ, ಕಡಲು ಶಾಂತವಾಗಿದೆ ಎಂದುಕೊಂಡು ಮಕ್ಕಳ ಕೈ ಬಿಡುತ್ತೇವೆ. 2024ರ ಡಿಸೆಂಬರ್ ತಿಂಗಳಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲಿನ ಕಡೆಯಿಂದ ಶಾಲಾ ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದ ಸುದ್ದಿಯನ್ನು ನೀವೂ ಓದಿರುತ್ತೀರಿ. ಅವರೂ ನಮ್ಮ ಮಕ್ಕಳಂತೆಯೇ ಒಳನಾಡಿನ ಮಕ್ಕಳು. ಕಡಲಿನ ಭಾಷೆಯನ್ನು ನಾವೇ ಕಲಿಯದಿದ್ದರೆ ನಮ್ಮ ಮಕ್ಕಳಿಗೆ ಕಲಿಸುವವರು ಯಾರು?

ನಾನು ಪಾಂಡವಪುರದಲ್ಲಿ ನೆಲೆಸಿರುವ ನಿವೃತ್ತ ವಿಜ್ಞಾನ ಶಿಕ್ಷಕ. ನನ್ನ ಪಾಲಿಗೆ ದೊಡ್ಡ ನೀರೆಂದರೆ ಬಹಳ ಕಾಲ ತೊಣ್ಣೂರು ಕೆರೆಯೇ ಆಗಿತ್ತು. ಮಗಳನ್ನು ಹೊನ್ನಾವರದ ಮೀನುಗಾರರ ಮನೆಗೆ ಕೊಟ್ಟ ಮೇಲೆ ಕಡಲು ನಮ್ಮ ಮನೆಯ ವಿಷಯವಾಯಿತು. ಅಳಿಯಂದಿರು ದೋಣಿ ಹತ್ತಿ ಹೋದ ರಾತ್ರಿಗಳಲ್ಲಿ ನಾನು ಫೋನಿನಲ್ಲಿ ಮಗಳನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಅಲೆ ಎಷ್ಟು ಎತ್ತರ ಇದೆಯಮ್ಮಾ? ಒಮ್ಮೆ ಅಳಿಯಂದಿರೇ ಫೋನು ತೆಗೆದುಕೊಂಡು, “ಮಾವ, ಎತ್ತರ ಒಂದನ್ನೇ ಕೇಳಿದ್ರೆ ಸಾಲೂದಿಲ್ಲ. ಎಷ್ಟು ಹೊತ್ತಿಗೆ ಒಂದು ಬರ್ತದೆ, ಯಾವ ದಿಕ್ಕಿಂದ ಬರ್ತದೆ, ಅದನ್ನೂ ಕೇಳಿ,” ಎಂದರು. ಆ ಮಾತಿನ ಬೆನ್ನು ಹತ್ತಿ ನಾನು ಅರಿತುಕೊಂಡದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಕನ್ನಂಬಾಡಿಯ ಮಟ್ಟ ಅಳೆಯಲು ಅಣೆಕಟ್ಟೆಯ ಬಳಿ ಮಾಪನವಿದೆ. ಕಡಲಿಗೆ ಗೋಡೆಯಿಲ್ಲವಲ್ಲ, ಅಲ್ಲಿ ಅಳೆಯುವುದು ಹೇಗೆ? ಅದಕ್ಕೆಂದೇ ಬೋಯ್ ಎಂಬ ತೇಲುಯಂತ್ರವಿದೆ. ನೋಡಲು ಹಳದಿ ಬಣ್ಣದ ದೊಡ್ಡ ಚೆಂಡು, ಅಡ್ಡಗಲ ಒಂದು ಮೀಟರಿಗೂ ಕಡಿಮೆ. ಕಡಲತಳದಲ್ಲಿ ಊರಿದ ಭಾರಕ್ಕೆ ಅದನ್ನು ಹಿಗ್ಗುವ ರಬ್ಬರಿನ ಹಗ್ಗದಿಂದ ಕಟ್ಟಿರುತ್ತಾರೆ. ಹಗ್ಗ ಹಿಗ್ಗುವುದರಿಂದ ಅದು ಅಲೆಯೊಂದಿಗೆ ಏರುತ್ತದೆ, ಇಳಿಯುತ್ತದೆ, ಅಕ್ಕಪಕ್ಕಕ್ಕೂ ತೂಗುತ್ತದೆ. ಒಳಗಿನ ಸಾಧನಗಳು ಆ ಏರಿಳಿತವನ್ನೂ, ಉತ್ತರ ದಕ್ಷಿಣ ಪೂರ್ವ ಪಶ್ಚಿಮದ ತೂಗಾಟವನ್ನೂ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಬಾರಿ ಬರೆದುಕೊಳ್ಳುತ್ತವೆ. ಅರ್ಧ ಗಂಟೆಗೊಮ್ಮೆ ಲೆಕ್ಕ ಕಟ್ಟಿ ದಡಕ್ಕೆ ಕಳುಹಿಸುತ್ತವೆ. ನೆದರ್ಲೆಂಡ್ಸ್ ದೇಶದ ಡೇಟಾವೆಲ್ ಸಂಸ್ಥೆ 1960ರ ದಶಕದಿಂದ ಇಂತಹ ಯಂತ್ರಗಳನ್ನು ತಯಾರಿಸುತ್ತಿದೆ. ನಮ್ಮ ದೇಶದಲ್ಲಿ ಭೂ ವಿಜ್ಞಾನ ಸಚಿವಾಲಯದ ಅಡಿಯಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇಂಕೋಯಿಸ್, ಕರಾವಳಿಯುದ್ದಕ್ಕೂ ಇಂತಹ ಬೋಯ್‌ಗಳನ್ನು ತೇಲಿಬಿಟ್ಟಿದೆ. ಅವುಗಳಲ್ಲಿ ಒಂದರ ನೆಲೆ ನಮ್ಮ ಕಾರವಾರದ ಕಡಲು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಹೊನ್ನಾವರದ ಕಡಲಲ್ಲಿಯೂ ಅಲೆಗಳನ್ನು ಅಳೆದು ಅಧ್ಯಯನ ನಡೆಸಿದ್ದಾರೆ.

ಬೋಯ್ ಹೇಳುವ ಮೊದಲ ಅಂಕಿ ಎತ್ತರ. ಇದನ್ನು ಗಣನೀಯ ಅಲೆಯೆತ್ತರ ಎನ್ನುತ್ತಾರೆ. ಆ ಅರ್ಧ ಗಂಟೆಯಲ್ಲಿ ಬಂದ ಎಲ್ಲ ಅಲೆಗಳನ್ನು ಎತ್ತರಕ್ಕೆ ತಕ್ಕಂತೆ ಸಾಲಾಗಿ ನಿಲ್ಲಿಸಿ, ಮೇಲಿನ ಮೂರನೇ ಒಂದು ಭಾಗವನ್ನು ಮಾತ್ರ ತೆಗೆದುಕೊಂಡು ಕಟ್ಟಿದ ಸರಾಸರಿ ಅದು. ಗಮನಿಸಿ, ಇದು ಗರಿಷ್ಠವಲ್ಲ. ನೂರಾರು ಅಲೆಗಳ ನಡುವೆ ಒಂದಾದರೂ ಇದರ ಇಮ್ಮಡಿಗೆ ಹತ್ತಿರ ಬರುವುದುಂಟು. ಮುಂಗಾರಿನಲ್ಲಿ ನಮ್ಮ ಕರಾವಳಿಯಲ್ಲಿ ಈ ಅಂಕಿ 3 ಮೀಟರನ್ನೂ ದಾಟುತ್ತದೆ. ಆ ಕಾಲದಲ್ಲಿ, ಮೀನಿನ ಸಂತಾನದ ರಕ್ಷಣೆಗೆಂದು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವೂ ಇರುತ್ತದೆ. ಮಳೆಗಾಲ ಕಳೆದ ಮೇಲೆ ಬಹುತೇಕ ದಿನಗಳಲ್ಲಿ ಎತ್ತರ 1 ಮೀಟರಿನ ಆಸುಪಾಸಿನಲ್ಲಿರುತ್ತದೆ. ನಾವು ಪ್ರವಾಸಕ್ಕೆ ಹೋಗುವುದು ಈ ದಿನಗಳಲ್ಲಿಯೇ. ಹಾಗಾದರೆ ಆ ದಿನಗಳೆಲ್ಲ ಒಂದೇ ಬಗೆಯವೇ? ಅಲ್ಲ. ಅದನ್ನು ತಿಳಿಸುವುದೇ ಎರಡನೆಯ ಅಂಕಿ.

ಎರಡನೆಯದು ಅವಧಿ. ಒಂದು ಅಲೆಯ ನೆತ್ತಿ ಹಾದುಹೋದ ಮೇಲೆ ಮುಂದಿನ ಅಲೆಯ ನೆತ್ತಿ ಬರಲು ಹಿಡಿಯುವ ಸೆಕೆಂಡುಗಳು. ತೊಣ್ಣೂರು ಕೆರೆಯಲ್ಲಿ ಗಾಳಿ ಬೀಸಿದಾಗ ಏಳುವ ಸಣ್ಣ ಅಲೆಗಳನ್ನು ಎಣಿಸಿ ನೋಡಿ, ಒಂದೆರಡು ಸೆಕೆಂಡಿಗೊಂದು ಬಂದು ದಡಕ್ಕೆ ಬಡಿಯುತ್ತದೆ. ಕಡಲಿನ ಮೇಲೆ ಅಲ್ಲಿಯೇ ಬೀಸುವ ಗಾಳಿ ಎಬ್ಬಿಸುವ ಅಲೆಗಳ ಅವಧಿ ಹೆಚ್ಚಾಗಿ 4, 5, 6 ಸೆಕೆಂಡು. ಇವು ನಾಗಮಂಗಲದ ಕೆರೆಯಿದ್ದಂತೆ, ತಮ್ಮೂರಿನ ಆಕಾಶದ ಮಕ್ಕಳು. ಆದರೆ ಎಲ್ಲೋ ಬಹುದೂರದ ಬಿರುಗಾಳಿಯಲ್ಲಿ ಹುಟ್ಟಿ, ಆ ಗಾಳಿಯನ್ನು ಹಿಂದೆ ಬಿಟ್ಟು, ಸಾವಿರಾರು ಕಿಲೋಮೀಟರ್ ನಡೆದು ಬರುವ ಅಲೆಗಳೂ ಇವೆ. ಇಂಗ್ಲಿಷಿನವರು ಇವನ್ನು ಸ್ವೆಲ್ ಎನ್ನುತ್ತಾರೆ. ನಾವು ದೂರದ ಅಲೆ ಎನ್ನೋಣ. ಇವುಗಳ ಅವಧಿ 12, 14, 18 ಸೆಕೆಂಡು. ಇವು ಕಾವೇರಿಯಿದ್ದಂತೆ, ಬೇರೆ ಸೀಮೆಯ ಮಳೆಯನ್ನು ಹೊತ್ತು ತರುವವು.

ಒಂದು ಮೀಟರ್ ಎತ್ತರದ ಎರಡು ಅಲೆಗಳನ್ನು ಊಹಿಸಿಕೊಳ್ಳಿ, ಒಂದರ ಅವಧಿ 5 ಸೆಕೆಂಡು, ಇನ್ನೊಂದರದು 16. ಆಳವಾದ ನೀರಿನಲ್ಲಿ ಅವಧಿಯನ್ನು ಅದರಿಂದಲೇ ಗುಣಿಸಿ 1.56ರಿಂದ ಮತ್ತೆ ಗುಣಿಸಿದರೆ ಅಲೆಯ ಉದ್ದ ಮೀಟರುಗಳಲ್ಲಿ ಸಿಗುತ್ತದೆ. ಮೊದಲನೆಯದರ ಉದ್ದ 39 ಮೀಟರ್, ಎರಡನೆಯದರದು ಹತ್ತಿರ ಹತ್ತಿರ 400 ಮೀಟರ್! ನೋಡುವ ಕಣ್ಣಿಗೆ ಮೊದಲನೆಯದೇ ಅಬ್ಬರದ್ದು. ಎರಡನೆಯದು ಉದ್ದವಾದ ದಿಬ್ಬದಂತೆ ಮೆಲ್ಲಗೆ ಏರಿ ಇಳಿಯುವುದರಿಂದ ಅದು ಬರುತ್ತಿರುವುದೇ ಗೊತ್ತಾಗುವುದಿಲ್ಲ. ಆದರೆ ಅದು ದಡಕ್ಕೆ ತರುವ ಶಕ್ತಿ ಮೊದಲನೆಯದರ ಮೂರು ಪಟ್ಟಿಗೂ ಹೆಚ್ಚು. ಅಷ್ಟೇ ಅಲ್ಲ, ಅಲೆಯೊಂದು ತನ್ನ ಉದ್ದದ ಅರ್ಧದಷ್ಟು ಆಳದಲ್ಲಿ ತಳವನ್ನು ಸೋಕತೊಡಗುತ್ತದೆ. ಗಾಳಿಯ ಅಲೆ ತಳ ಸೋಕುವುದು 20 ಮೀಟರ್ ಆಳದಲ್ಲಿ, ದೂರದ ಅಲೆ 200 ಮೀಟರ್ ಆಳದಲ್ಲಿಯೇ. ತಳ ಸೋಕಿದ ಅಲೆ ನಿಧಾನವಾಗುತ್ತದೆ, ಹಿಂದಿನದು ಒತ್ತಿಕೊಂಡು ಬರುತ್ತದೆ, ಎತ್ತರ ಏರುತ್ತದೆ. ಶರಾವತಿ ಕಡಲು ಸೇರುವ ಅಳಿವೆಯ ಮರಳುದಿಬ್ಬದ ಮೇಲೆ ಇಂತಹ ಅಲೆಗಳು ಎದ್ದು ಒಡೆಯುತ್ತವೆ. ದೋಣಿ ಮಗುಚುವ ಭಯ ಹೆಚ್ಚಿರುವುದು ನಡುಗಡಲಿನಲ್ಲಲ್ಲ, ಮನೆ ಕಣ್ಣಿಗೆ ಕಾಣುವ ಆ ಅಳಿವೆಯಲ್ಲಿ. ಅಳಿಯಂದಿರು ಅವಧಿಯನ್ನು ಕೇಳಿ ಎಂದುದರ ಮರ್ಮ ಇದು.

ಈ ಅವಧಿಯಿಂದ ಬಿರುಗಾಳಿಯ ದೂರವನ್ನೂ ಲೆಕ್ಕ ಹಾಕಬಹುದು ಎಂದರೆ ನಿಮಗೆ ಆಶ್ಚರ್ಯವಾದೀತು. ಉದ್ದದ ಅಲೆ ಬೇಗ ಓಡುತ್ತದೆ. 18 ಸೆಕೆಂಡಿನ ಅಲೆಗಳ ಗುಂಪು ದಿನಕ್ಕೆ ಸುಮಾರು 1,200 ಕಿಲೋಮೀಟರ್ ಕ್ರಮಿಸಿದರೆ 14 ಸೆಕೆಂಡಿನದು ಸುಮಾರು 940 ಕಿಲೋಮೀಟರ್ ಕ್ರಮಿಸುತ್ತದೆ. ಭೂಮಧ್ಯರೇಖೆಯ ಆಚೆ, ದಕ್ಷಿಣದ 45 ಡಿಗ್ರಿ ಅಕ್ಷಾಂಶದ ಬಳಿ ಬಿರುಗಾಳಿಯೊಂದು ಎದ್ದಿತೆನ್ನೋಣ. ಅಲ್ಲಿಂದ ಕಾರವಾರಕ್ಕೆ 6,600 ಕಿಲೋಮೀಟರುಗಳಷ್ಟು ದಾರಿ. 18 ಸೆಕೆಂಡಿನ ಅಲೆ ಐದೂವರೆ ದಿನಕ್ಕೆ ತಲುಪುತ್ತದೆ, 14 ಸೆಕೆಂಡಿನದು ಏಳನೆಯ ದಿನಕ್ಕೆ. ಆದ್ದರಿಂದ ಬೋಯ್‌ನ ಅಂಕಿಗಳಲ್ಲಿ ಸೋಮವಾರ 18, ಮಂಗಳವಾರ 16, ಬುಧವಾರ 14 ಎಂದು ಅವಧಿ ದಿನೇ ದಿನೇ ಇಳಿಯುವುದನ್ನು ಕಂಡರೆ, ಒಂದೇ ಊರಿನಿಂದ ಹೊರಟ ಓಟಗಾರರು ಒಬ್ಬರ ಹಿಂದೊಬ್ಬರು ಗುರಿ ಮುಟ್ಟುತ್ತಿದ್ದಾರೆ ಎಂದು ತಿಳಿಯಿರಿ. ಅವರ ನಡುವಿನ ಅಂತರ ಹೆಚ್ಚಿದಷ್ಟೂ ಹೊರಟ ಊರು ದೂರ. ವಾಲ್ಟರ್ ಮಂಕ್ ಎಂಬ ಅಮೆರಿಕದ ಸಾಗರ ವಿಜ್ಞಾನಿ ಇದೇ ಲೆಕ್ಕವನ್ನು ಹಿಡಿದು ಹಿಂದೂ ಮಹಾಸಾಗರದ ಬಿರುಗಾಳಿಯ ಅಲೆಗಳನ್ನು ಕ್ಯಾಲಿಫೋರ್ನಿಯಾದ ಬಳಿಯ ಕಡಲಿನಲ್ಲಿ ಗುರುತಿಸಿದರು. 1963ರಲ್ಲಿ ಅವರ ತಂಡ ನ್ಯೂಜಿಲೆಂಡಿನಿಂದ ಅಲಾಸ್ಕಾದವರೆಗೆ ಮಾಪನ ಕೇಂದ್ರಗಳನ್ನು ಇಟ್ಟು, ದಕ್ಷಿಣದ ಅಲೆಗಳು ಶಾಂತ ಮಹಾಸಾಗರವನ್ನೇ ಹಾದುಹೋಗುವುದನ್ನು ಹೆಜ್ಜೆ ಹೆಜ್ಜೆಯಾಗಿ ಅಳೆಯಿತು.

ಮೂರನೆಯ ಅಂಕಿ ದಿಕ್ಕು. ಉತ್ತರಕ್ಕೆ 0, ಪೂರ್ವಕ್ಕೆ 90, ದಕ್ಷಿಣಕ್ಕೆ 180, ಪಶ್ಚಿಮಕ್ಕೆ 270 ಡಿಗ್ರಿ. ಅಲೆ ಹೋಗುವ ದಿಕ್ಕಲ್ಲ, ಅದು ಬರುವ ದಿಕ್ಕು ಎಂಬುದನ್ನು ಮರೆಯಬಾರದು. ನಮ್ಮ ಕರಾವಳಿಯಲ್ಲಿ 200ರಿಂದ 225 ಡಿಗ್ರಿಯ ನಡುವೆ, ಅವಧಿಯೂ 14 ಸೆಕೆಂಡಿಗಿಂತ ಹೆಚ್ಚಾಗಿದ್ದರೆ, ಅದು ದಕ್ಷಿಣ ಹಿಂದೂ ಮಹಾಸಾಗರದಿಂದ ಬಂದ ಅತಿಥಿ. ಚಳಿಗಾಲದಲ್ಲಿ 300 ಡಿಗ್ರಿಯ ಸುಮಾರಿಗೆ ಕಂಡರೆ ಅರೇಬಿಯಾದ ಕಡೆಯ ಶಮಾಲ್ ಗಾಳಿ ಕಳುಹಿಸಿದ ಅಲೆ, ಅಥವಾ ಮಧ್ಯಾಹ್ನದ ಕಡಲಗಾಳಿಯದು. ಎರಡನ್ನು ಬೇರ್ಪಡಿಸಲು ಮತ್ತೆ ಅವಧಿಯನ್ನೇ ನೋಡಬೇಕು. ಆಳ ಕಡಿಮೆಯಾದಂತೆ ಅಲೆಗಳು ದಡದತ್ತ ಬಾಗುವುದರಿಂದ, ದಡದ ಸಮೀಪದ ಬೋಯ್ ತೋರಿಸುವ ದಿಕ್ಕು ತೆರೆಗಡಲಿನ ದಿಕ್ಕಿಗಿಂತ ಕೊಂಚ ಭಿನ್ನವಾಗಿರುತ್ತದೆ.

ಕೆ.ಆರ್. ಪೇಟೆ ತಾಲ್ಲೂಕಿನ ಸಂಗಾಪುರದ ಬಳಿ ಹೇಮಾವತಿ, ಲಕ್ಷ್ಮಣತೀರ್ಥ, ಕಾವೇರಿ ಮೂರೂ ಕೂಡುತ್ತವೆ. ಅಲ್ಲಿ ಬೊಗಸೆಯಲ್ಲಿ ನೀರೆತ್ತಿ ಇದು ಹೇಮಾವತಿಯದು, ಇದು ಕಾವೇರಿಯದು ಎಂದು ಹೇಳಬಲ್ಲವರುಂಟೇ? ಕಡಲಿನಲ್ಲಿಯೂ ಹಲವು ಮೂಲಗಳ ಅಲೆಗಳು ಹೀಗೆಯೇ ಬೆರೆತಿರುತ್ತವೆ. ಆದರೆ ಬೋಯ್ ಇವನ್ನು ಬೇರೆ ಮಾಡಬಲ್ಲದು. ಯಾವ ಅವಧಿಯ ಅಲೆಯಲ್ಲಿ ಎಷ್ಟು ಶಕ್ತಿಯಿದೆ, ಅದು ಯಾವ ದಿಕ್ಕಿನದು ಎಂದು ಪಾಲು ಮಾಡಿ ಕೊಡುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. 0.8 ಮೀಟರಿನ ಗಾಳಿಯ ಅಲೆಯೂ 0.6 ಮೀಟರಿನ ದೂರದ ಅಲೆಯೂ ಕೂಡಿದರೆ ಒಟ್ಟು ಎತ್ತರ 1.4 ಆಗುವುದಿಲ್ಲ, 1.0 ಆಗುತ್ತದೆ. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ 6, 8, 10ರ ಲೆಕ್ಕವೇ ಇದು. ಒಟ್ಟು ಅಂಕಿ ಒಂದನ್ನೇ ನೋಡಿದರೆ, ಪ್ರಧಾನ ಅವಧಿ 5 ಸೆಕೆಂಡೆಂದು ಕಂಡು, ಅದರ ಹಿಂದೆ ಅಡಗಿರುವ 16 ಸೆಕೆಂಡಿನ ಅಲೆ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದಲೇ ಇಂಕೋಯಿಸ್ ತನ್ನ ಮುನ್ಸೂಚನೆಯಲ್ಲಿ ಒಟ್ಟು ಅಲೆಯನ್ನೂ ದೂರದ ಅಲೆಯನ್ನೂ ಬೇರೆ ಬೇರೆಯಾಗಿ ಕೊಡುತ್ತದೆ. ನೋಡುವಾಗ ಎರಡನೆಯದನ್ನು ಬಿಡಬೇಡಿ.

ಒಂದು ಮೇ ತಿಂಗಳು ನಮ್ಮ ಬೀದಿಯ ಹುಡುಗರು ಹೊನ್ನಾವರಕ್ಕೆ ಹೊರಟರು. ಹೇಗೂ ಮಗಳ ಮನೆಯಿದೆ, ನೀವೂ ಬನ್ನಿ ಎಂದು ನನ್ನನ್ನೂ ಕರೆದುಕೊಂಡರು. ಹಿಂದಿನ ರಾತ್ರಿ ಅಂಕಿಗಳನ್ನು ನೋಡಿದೆ. ಎತ್ತರ 1 ಮೀಟರಿಗಿಂತ ಸ್ವಲ್ಪ ಹೆಚ್ಚು, ಅವಧಿ 17 ಸೆಕೆಂಡು, ದಿಕ್ಕು ದಕ್ಷಿಣ ನೈಋತ್ಯ. ಬೆಳಗ್ಗೆ ಮರಳಿನ ಮೇಲೆ ನಿಂತಾಗ ಆಕಾಶ ತೊಳೆದಿಟ್ಟಂತಿತ್ತು, ಕಡಲು ಹಾಲಿನ ಪಾತ್ರೆಯಂತೆ ಸುಮ್ಮನಿತ್ತು. “ಸಾರ್, ನಮ್ಮ ಕೆರೆಯಲ್ಲೇ ಇದಕ್ಕಿಂತ ಜಾಸ್ತಿ ಅಲೆ ಇರ್ತವೆ, ಇಳಿಯೋಣ ಬಿಡಿ,” ಎಂದ ಒಬ್ಬ. ಕಾಲು ಗಂಟೆ ಮಾತ್ರ ಸುಮ್ಮನೆ ನಿಂತು ನೋಡಿ, ಆಮೇಲೆ ನಿಮ್ಮಿಷ್ಟ ಎಂದೆ. ದೂರದ ಅಲೆಗಳು ಒಂದೇ ಸಮನೆ ಬರುವುದಿಲ್ಲ, ಗುಂಪಾಗಿ ಬರುತ್ತವೆ. ಗುಂಪಿಗೂ ಗುಂಪಿಗೂ ನಡುವೆ ನಿಮಿಷಗಟ್ಟಲೆ ಮೌನವಿರುತ್ತದೆ. ಹತ್ತು ನಿಮಿಷ ಏನೂ ಆಗಲಿಲ್ಲ. ಬಳಿಕ ನಾಲ್ಕೈದು ಅಲೆಗಳು ಒಂದರ ಹಿಂದೊಂದು ಎದ್ದು ಬಂದು, ಒಣಮರಳಿನಲ್ಲಿ ನಾವು ಬಿಟ್ಟಿದ್ದ ಚಪ್ಪಲಿಗಳನ್ನು ಎತ್ತಿಕೊಂಡು ಹೋದವು. ನೀರು ಹಿಂದಕ್ಕೆ ಸರಿಯುವಾಗ ಕಾಲಡಿಯ ಮರಳು ಕೂಡ ಸರಿಯಿತು. ಯಾರೂ ಮಾತನಾಡಲಿಲ್ಲ. ಆ ದಿನ ಯಾರೂ ನೀರಿಗೆ ಇಳಿಯಲೂ ಇಲ್ಲ.

ಕೇರಳದ ಮೀನುಗಾರರು ಇಂತಹ ಉಕ್ಕಿಗೆ ಕಳ್ಳಕ್ಕಡಲ್ ಎಂದು ಹೆಸರಿಟ್ಟಿದ್ದಾರೆ, ಕಳ್ಳನಂತೆ ಬರುವ ಕಡಲು ಎಂದರ್ಥ. 2012ರಲ್ಲಿ ಯುನೆಸ್ಕೋ ಈ ಹೆಸರನ್ನು ಒಪ್ಪಿಕೊಂಡಿತು. 2024ರ ಮೇ ಮೊದಲ ವಾರದಲ್ಲಿ ಇಂತಹ ಅಲೆಗಳ ಬಗ್ಗೆ ಇಂಕೋಯಿಸ್ ಎಚ್ಚರಿಕೆ ಹೊರಡಿಸಿತ್ತು. ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಲೆಮೂರ್ ಕಡಲತೀರದಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಅಲೆಗೆ ಸಿಕ್ಕಿ ತೀರಿಕೊಂಡರು. ಓದಿನಲ್ಲಿ ಅವರೇನು ಕಡಿಮೆಯವರಾಗಿರಲಿಲ್ಲ. ಎಚ್ಚರಿಕೆಯ ಅಂಕಿಗಳು ಎಲ್ಲೋ ಬರೆದಿದ್ದರೆ ಸಾಲದು, ನೀರಿಗಿಳಿಯುವವನ ಮನಸ್ಸಿಗೆ ಅವು ತಲುಪಬೇಕು.

ಈ ಅಂಕಿಗಳಿಗೂ ಮಿತಿಯಿದೆ ಎಂಬುದನ್ನು ಹೇಳಲೇಬೇಕು. 2004ರ ಡಿಸೆಂಬರ್ 26ರಂದು ವೇಳಾಂಕಣಿಯಲ್ಲಿ ಅನೇಕ ಯಾತ್ರಿಕರನ್ನು ಬಲಿ ತೆಗೆದುಕೊಂಡ ಸುನಾಮಿ ಬೇರೆಯೇ ಜಾತಿಯದು. ಅದು ಗಾಳಿಯ ಮಗುವಲ್ಲ, ಕಡಲತಳದ ಭೂಕಂಪದ ಮಗು. ಅದರ ಅವಧಿ ಸೆಕೆಂಡುಗಳಲ್ಲಲ್ಲ, ನಿಮಿಷಗಳಲ್ಲಿ. ಅದಕ್ಕೆಂದು ಕಡಲತಳದ ಒತ್ತಡವನ್ನು ಅಳೆಯುವ ಬೇರೆ ಯಂತ್ರಗಳಿವೆ, 2007ರಿಂದ ಬೇರೆ ಎಚ್ಚರಿಕೆ ಕೇಂದ್ರವೂ ಇಂಕೋಯಿಸ್‌ನಲ್ಲಿಯೇ ಇದೆ. ತೀರದಿಂದ ಒಳಗಡಲಿಗೆ ಎಳೆದೊಯ್ಯುವ ಸೆಳವನ್ನು ಅಲೆಯ ಬೋಯ್ ಅಳೆಯುವುದಿಲ್ಲ. ಅದನ್ನು ಬಲ್ಲವನು ಆ ತೀರದ ಜೀವರಕ್ಷಕ. ಅವನು ಕೆಂಪು ಬಾವುಟ ನೆಟ್ಟಿದ್ದರೆ ಅಂಕಿಗಳು ಏನೇ ಹೇಳಲಿ, ಬಾವುಟದ ಮಾತೇ ಕೊನೆಯದು. ಮೀನಿನ ಬಲೆ ಸಿಕ್ಕಿ, ಹಗ್ಗ ಕಡಿದು ಬೋಯ್ ಮೂಕವಾಗುವ ದಿನಗಳೂ ಇರುತ್ತವೆ. ಅಂಕಿಯಿಲ್ಲ ಎಂದರೆ ಅಪಾಯವಿಲ್ಲ ಎಂದು ಅರ್ಥವಲ್ಲ.

“ಕಡಲೇ ಇಲ್ಲದ ಊರಿನವರಿಗೆ ಇದೆಲ್ಲ ಏತಕ್ಕೆ ಸಾರ್?” ಎಂದು ಗೆಳೆಯರೊಬ್ಬರು ಕೇಳಿದರು. ದೇಶದ ಕಡಲನ್ನು ಹಗಲಿರುಳು ಓದುತ್ತಿರುವ ಆ ಇಂಕೋಯಿಸ್ ಇರುವುದಾದರೂ ಎಲ್ಲಿ? ಹೈದರಾಬಾದಿನಲ್ಲಿ. ಅಲ್ಲಿಯೂ ಕಡಲಿಲ್ಲ. ಅಲ್ಲಿ ಕುಳಿತವರು ಕಾರವಾರದ ಅಲೆಯನ್ನು ಓದಬಲ್ಲರಾದರೆ ಪಾಂಡವಪುರದ ಜಗಲಿಯಲ್ಲಿ ಕುಳಿತು ನಾವು ಏಕೆ ಓದಬಾರದು? ಅವರ ಜಾಲತಾಣದಲ್ಲಿಯೂ ಸಮುದ್ರ ಎಂಬ ಮೊಬೈಲ್ ಆ್ಯಪ್‌ನಲ್ಲಿಯೂ ಮುನ್ಸೂಚನೆಗಳು ಎಲ್ಲರಿಗೂ ತೆರೆದಿವೆ.

ಆದ್ದರಿಂದ ಓದುಗರೇ, ಮುಂದಿನ ಸಲ ಶಾಲೆಯಿಂದಲೋ ಯುವಕರ ಸಂಘದಿಂದಲೋ ಕಡಲತೀರದ ಪ್ರವಾಸದ ಚೀಟಿ ಮನೆಗೆ ಬಂದಾಗ, ಬಸ್ಸಿನ ದರ ಎಷ್ಟು, ಊಟ ಎಲ್ಲಿ ಎಂದು ಕೇಳುವ ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳಿ: ಆ ದಿನ ಅಲೆಯ ಎತ್ತರ ಎಷ್ಟು, ಅವಧಿ ಎಷ್ಟು, ಬರುವ ದಿಕ್ಕು ಯಾವುದು? ಅವಧಿ 14 ಸೆಕೆಂಡು ದಾಟಿ, ದಿಕ್ಕು ದಕ್ಷಿಣ ನೈಋತ್ಯವಾಗಿದ್ದರೆ, ಎತ್ತರ ಎಷ್ಟೇ ಕಡಿಮೆಯಿರಲಿ, ಮಕ್ಕಳು ಒಣಮರಳಿನ ಮೇಲೆಯೇ ಆಡಲಿ. ಉತ್ತರ ಗೊತ್ತಿಲ್ಲದ ಶಿಕ್ಷಕರಿದ್ದರೆ ಅವರ ಪಕ್ಕದಲ್ಲಿ ಕುಳಿತು ಒಟ್ಟಿಗೆ ಹುಡುಕಿ. ಕಟ್ಟೆಯ ಮಟ್ಟವನ್ನು ಮಕ್ಕಳಿಗೆ ಓದಿ ಹೇಳುವ ಮನೆಗಳಿಗೆ ಇದು ದೊಡ್ಡ ಕೆಲಸವೇನಲ್ಲ.